ಬೆರಳನ್ನು ನಂಬಿದ ನೀಲಾಂಬಿಕ ಮೇಡಂ

ನಮ್ಮ ನೀಲಾಂಬಿಕ ಮೇಡಂ ಅವರಷ್ಟು ಹಟಮಾರಿಯಾದ ಇನ್ನೊಬ್ಬ ಹೆಂಗಸನ್ನು ಶಿಕಾರಿಪುರ ಕಂಡಿಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಹದಿನಾರು ವರ್ಷ ಟೈಪಿಂಗ್ ಕಲಿಸಿದವರು. ಕಲಿಯುವವರ ಕೈಗಳ ಮೇಲೆ ಟವೆಲ್ ಹೊದಿಸಿ, ಅಕ್ಷರ ನೋಡದೆ ಹೊಡೆಯಿರಿ ಎನ್ನುತ್ತಿದ್ದರು. ಟವೆಲ್ ಸರಿಸಿ ಇಣುಕಿದರೆ ಸ್ಕೇಲಿನ ಏಟು ಬೀಳುತ್ತಿತ್ತು. ನಾನೂ ತಿಂದಿದ್ದೇನೆ, ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ತೊಂಬತ್ತೆಂಟರ ಹೊತ್ತಿಗೆ ಇನ್‌ಸ್ಟಿಟ್ಯೂಟಿನಲ್ಲಿ ಉಳಿದವರು ಐದೇ ಜನ. ಮಿಕ್ಕವರೆಲ್ಲ ಕಂಪ್ಯೂಟರ್ ಕಲಿಯಲು ಓಡಿದ್ದರು. ಊರಲ್ಲಿ ಹೊಸದಾಗಿ ಶುರುವಾದ ಕಂಪ್ಯೂಟರ್ ಸೆಂಟರಿನ ಯಜಮಾನರು ತಾವಾಗಿ ಬಂದು, ಟೈಪಿಂಗ್ ಕಲಿಸಲು ನೀವೇ ಬನ್ನಿ, ಶನಿವಾರದೊಳಗೆ ಹೇಳಿ, ಇಲ್ಲವಾದರೆ ಬೇರೆಯವರನ್ನು ನೋಡುತ್ತೇವೆ ಎಂದು ಹೇಳಿ ಹೋಗಿದ್ದರು. ನಮ್ಮ ಮೇಡಂ ನನ್ನ ಹೆಸರು ಹಿಡಿದು ಕರೆದು ಮೂಗು ಮುರಿದರು.

"ಅದೂ ಒಂದು ಕೀಬೋರ್ಡೇನೇ ಸೌಂದರ್ಯ? ಹತ್ತಿ ಮ್ಯಾಲೆ ಬೆರಳಿಟ್ಟಂಗ ಐತಿ. ಹೊಡದ್ರೂ ಅಷ್ಟ, ಬಿಟ್ರೂ ಅಷ್ಟ."

ಒಲ್ಲೆ ಅಂದರೆ ಮುಂದೇನು? ಇನ್‌ಸ್ಟಿಟ್ಯೂಟಿಗೆ ಬೀಗ ಬೀಳುವುದು, ಊರಿಗೆಲ್ಲ ಮೇಡಂ ಎನಿಸಿಕೊಂಡವರು ತಮ್ಮನ ಮನೆಯಲ್ಲಿ ರೊಟ್ಟಿ ತಟ್ಟುತ್ತ ಕೂರುವುದು. ಕಲಿಸುವುದು ಬಿಟ್ಟರೆ ಆ ಜೀವಕ್ಕೆ ಬೇರೆ ಏನೂ ಬೇಕಿರಲಿಲ್ಲ. ಅದಕ್ಕೇ ಅವರ ಹಟ ಕಂಡು ನನಗೆ ಸಂಕಟವಾಗುತ್ತಿತ್ತು.

ಆ ತಮ್ಮ ಚನ್ನೇಶ್, ಪಕ್ಕದ ಕೋಣೆಯಲ್ಲೇ ವಿಡಿಯೋ ಗೇಮಿನ ಅಂಗಡಿ ಇಟ್ಟಿದ್ದ. ಟಿವಿಗೆ ಪೆಟ್ಟಿಗೆ ಸಿಕ್ಕಿಸಿ, ಪ್ಯಾಡ್ ಕೈಯಲ್ಲಿ ಹಿಡಿದು ಆಡುವುದು. ಆ ವಾರ ಹೊಸ ಮಾದರಿಯ ಸೆಟ್ ತಂದಿದ್ದ. ಹಳೆಯ ಪ್ಯಾಡ್ ಕೆಂಪು, ಹೊಸದು ಕಪ್ಪು. ಆಕಾರ ಒಂದೇ, ಗುಂಡಿಯ ಕೆಳಗಿನ ರಬ್ಬರ್ ಮಾತ್ರ ಬೇರೆ. ಅಷ್ಟಕ್ಕೇ ಶುಕ್ರವಾರ ಮಧ್ಯಾಹ್ನ ಅಲ್ಲಿ ರಂಪ ಎದ್ದಿತು. ಎದ್ದದ್ದು ಚಿಕ್ಕ ಮಕ್ಕಳಿಂದಲ್ಲ. ಒಬ್ಬ ಬಟ್ಟೆ ಅಂಗಡಿಯ ಸಂಗಮೇಶ್, ಎರಡು ಮಕ್ಕಳ ತಂದೆ. ಇನ್ನೊಬ್ಬ ಸೊರಬದಿಂದ ಸರ್ವೆ ಕಚೇರಿಗೆ ವರ್ಗವಾಗಿ ಬಂದಿದ್ದ ನಿರಂಜನ.

"ಹಳೇದ್ರಾಗ ಗುಂಡಿ ಒತ್ತಿದ್ರೆ ಟಕ್ ಅಂತ ಬೆರಳಿಗೆ ಗೊತ್ತಾಗ್ತತಿ," ಸಂಗಮೇಶನ ಗಂಟಲು ಗೋಡೆ ದಾಟಿ ಬರುತ್ತಿತ್ತು. "ಈ ಕರೇದು ಹೂರ್ಣದಾಗ ಬೆರಳು ಅದ್ದಿದಂಗ ಐತಿ. ಹಾರು ಅಂದ್ರೆ ಗೊಂಬಿ ಕುಂತು ಯೋಚ್ನೆ ಮಾಡ್ತತಿ!"

"ನಿಮ್ಮ ಹಳೇದಾ? ಅರ್ಧ ಗಂಟೆ ಆಡಿದ್ರೆ ಹೆಬ್ಬೆರಳಲ್ಲಿ ಬೊಬ್ಬೆ ಏಳ್ತದೆ ಮಾರಾಯ್ರೆ," ಎಂದ ನಿರಂಜನ. "ಹೊಸದು ಬೆಣ್ಣೆ, ಬೆಣ್ಣೆ!"

ನಮಗೆ ಒಂದು ಸಾಲು ಟೈಪ್ ಮಾಡಲೂ ಆಗಲಿಲ್ಲ. ಮೇಡಂ ಟವೆಲ್ ಹೆಗಲಿಗೆ ಹಾಕಿಕೊಂಡು ಸರಸರನೆ ಆ ಕೋಣೆಗೆ ನುಗ್ಗಿದರು. ಇವತ್ತು ಇಬ್ಬರಿಗೂ ಮಂಗಳಾರತಿ ಎಂದುಕೊಂಡು ನಾನೂ ಹಿಂದೆ ಓಡಿದೆ.

"ಯಾವ್ದು ಚಲೋ ಅಂತ ಹೇಳೋದು ಕಣ್ಣೋ, ಬೆರಳೋ?"

"ಬೆರಳು," ಎಂದರು ಇಬ್ಬರೂ.

"ಹಂಗಾರೆ ಕಣ್ಣಿಗೆ ಕೆಲಸ ಇಲ್ಲ. ಕಣ್ಣು ಮುಚ್ರಿ."

ಚನ್ನೇಶ್ ಎರಡೂ ಪ್ಯಾಡುಗಳನ್ನು ಒಂದೇ ಪೆಟ್ಟಿಗೆಗೆ ಸಿಕ್ಕಿಸಿದ. ಮೇಡಂ ಒಂದನ್ನು ಸಂಗಮೇಶನ ಕೈಗಿಟ್ಟು, ಮೇಲೆ ಟವೆಲ್ ಹೊದಿಸಿ, ಈಗ ಕಣ್ಣು ಬಿಟ್ಟು ಟಿವಿ ನೋಡಿಕೊಂಡು ಆಡು ಎಂದರು. ಗೊಂಬೆ ಹಳ್ಳದ ಮೇಲೆ ಹಳ್ಳ ಹಾರಿತು. ಸಂಗಮೇಶ್ ಕುಣಿದುಬಿಟ್ಟ. "ಇದೇ ನೋಡ್ರಿ ಹಳೇದು! ಟಕ್ ಅಂತು!"

ಮೇಡಂ ಟವೆಲ್ ಎತ್ತಿದರು. ಕಪ್ಪು ಪ್ಯಾಡ್!

ನಿರಂಜನ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅವನ ಸರದಿ ಬಂತು. ಅವನು ಬೆಣ್ಣೆ ಬೆಣ್ಣೆ ಎಂದು ಹೊಗಳುತ್ತ ಆಡಿದ್ದು ಕೆಂಪು ಪ್ಯಾಡಿನಲ್ಲಿ. ಚನ್ನೇಶ್ ತಿರುಪು ಬಿಚ್ಚಿ ಹಳೆಯದರ ರಬ್ಬರ್ ತೋರಿಸಿದ. ಒತ್ತಿ ಒತ್ತಿ ಅದು ಮೆತ್ತಗಾಗಿ ಹೋಗಿತ್ತು.

"ನಿನ್ನ ಟಕ್ ಹೋಗಿ ಒಂದು ವರ್ಷ ಆಗೇತಿ ಸಂಗಮೇಶಣ್ಣ. ನೀನು ನೆನಪಿನಾಗ ಆಡಾಕತ್ತೀಯ," ಎಂದ ಅವನು.

ಸಂಗಮೇಶನ ಮುಖ ಸಪ್ಪೆಯಾಯಿತು. ಮೇಡಂ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

"ನಗಬ್ಯಾಡ್ರಿ ಮೇಡಂ! ನೀವು ಕಂಪ್ಯೂಟರಿನ ಮೇಲೆ ಎಷ್ಟು ಸಾಲು ಹೊಡದೀರಿ?"

"ಒಂದ್ಸಲ ಮುಟ್ಟಿ ನೋಡೀನಿ."

"ಒಂದ್ಸಲ! ನಮ್ ಕೈಲಿ ಒಂದೊಂದು ಸಾಲು ನೂರು ಸಲ ಹೊಡಿಸಿದೋರು, ಒಂದ್ಸಲ ಮುಟ್ಟಿ ಬ್ಯಾಡ ಅಂದ್ರಾ?"

ಮೇಡಂ ನನ್ನನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿ, "ನಡಿ," ಎಂದರು.

ಸೆಂಟರಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು ಕ್ಷಮಾ ಎಂಬ ಇಪ್ಪತ್ತರ ಹುಡುಗಿ. ಅವಳು ಹೊಸ ಪುಟ ತೆರೆದುಕೊಟ್ಟಳು. ಮೇಡಂ ತಮ್ಮ ಕೈಗೆ ತಾವೇ ಟವೆಲ್ ಹೊದಿಸಿಕೊಂಡು ಶುರುಮಾಡಿದರು. ಧಡಧಡ ಬಡಿದರು. ಒಂದೊಂದು ಅಕ್ಷರ ಎರಡೆರಡು ಬಿತ್ತು. ಸಾಲು ಮುಗಿದೊಡನೆ ಎಡಗೈ ತಾನಾಗಿ ಮೇಲೆದ್ದಿತು, ಟೈಪ್‌ರೈಟರಿನ ಕ್ಯಾರೇಜನ್ನು ಮುಂದಿನ ಸಾಲಿಗೆ ದೂಡಲು. ದೂಡಲು ಅಲ್ಲಿ ಏನೂ ಇರಲಿಲ್ಲ. ಕ್ಷಮಾ ಬಾಯಿಗೆ ಕೈ ಅಡ್ಡ ಹಿಡಿದಳು. ಮೇಡಂ ಮುಖ ಕೆಂಪಾಯಿತು, ಎದ್ದು ಹೋಗಿಯೇಬಿಡುತ್ತಾರೆ ಎಂದುಕೊಂಡೆ.

ಏಳಲಿಲ್ಲ. ಇನ್ನೊಂದು ಸಾಲು ಹೊಡೆದರು. ಮತ್ತೊಂದು. ಆರನೆಯದಕ್ಕೆ ಬಡಿತ ನಿಂತು ಬೆರಳು ಹಗುರಾಯಿತು. ಹತ್ತನೆಯ ಸಾಲಿನಲ್ಲಿ ತಪ್ಪು ಒಂದೂ ಇರಲಿಲ್ಲ.

"ಇದಕ್ಕೂ ಟಕ್ ಅನ್ನೋದು ಐತಿ ಕಣೇ," ಎಂದರು ಮೆಲ್ಲಗೆ. "ನನ್ನ ಬಡಿತದಾಗ ಕೇಳಸ್ತಿರಲಿಲ್ಲ. ವರ್ಷದಿಂದ ನಾ ಹೆದರಿಕೊಂಡಿದ್ದೆ ಸೌಂದರ್ಯ. ಕೀಬೋರ್ಡಿಗಲ್ಲ, ಎಲ್ಲಿ ಸೋತುಬಿಡ್ತೀನೋ ಅಂತ."

ನನಗೆ ಅಳು ಬಂತು. ಸುಳ್ಳೇಕೆ ಹೇಳಲಿ, ಅತ್ತೇಬಿಟ್ಟೆ.

ಒಳಗಿನಿಂದ ಯಜಮಾನರು ಬಂದರು. ಸೋಮವಾರದಿಂದ ಬರುತ್ತೇನೆ ಎಂದರು ಮೇಡಂ. ಯಜಮಾನರು ಖುಷಿಯಾಗಿ, ಕಲಿಸುವವರಿಗೆಂದು ಇಟ್ಟಿದ್ದ ಕೈಯಿರುವ ಕುರ್ಚಿ ತೋರಿಸಿ ಕೂತುಕೊಳ್ಳಿ ಎಂದರು. ಮೇಡಂ ಅದರ ಕಡೆ ಹೋಗಲಿಲ್ಲ. ಒಂದು ಸ್ಟೂಲ್ ಎಳೆದುಕೊಂಡು, ತಮ್ಮ ಅರ್ಧ ವಯಸ್ಸಿನ ಆ ಹುಡುಗಿಯ ಪಕ್ಕ ಕೂತರು.

"ಟೈಪಿಂಗ್ ನಾ ಕಲಿಸ್ತೀನಿ. ಈ ಮಿಷನ್ ಹಚ್ಚೋದು ಆರಿಸೋದು ನಂಗೊತ್ತಿಲ್ಲ. ಒಂಚೂರು ಹೇಳಿಕೊಡ್ರಿ, ಮೇಡಂ."

ಕ್ಷಮಾ ತಬ್ಬಿಬ್ಬಾಗಿ ಎದ್ದು ನಿಂತಳು. ನಮ್ಮ ನೀಲಾಂಬಿಕ ಮೇಡಂ ಬ್ಯಾಗಿನಿಂದ ನೋಟ್‌ಬುಕ್ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಬರೆದುಕೊಳ್ಳಲು ಕಾದು ಕೂತರು.