ಇಬ್ಬರೂ ನುಂಗಬೇಕಾದ ಗುಳಿಗೆ

ಹುಮನಾಬಾದ್ ಹತ್ತಿರದ ಹುಡಗಿ ಎಂಬ ಊರಿನ ಆಮ್ರಪಾಲಿ ಬಿಳಿ ಹೋಗುವುದನ್ನೂ ತುರಿಕೆಯನ್ನೂ ಮಳೆಗಾಲ ಪೂರ್ತಿ ಯಾರಿಗೂ ಹೇಳದೆ ಸಹಿಸಿದಳು. ತೊಗರಿ ಹೊಲದಲ್ಲಿ ಕಳೆ ತೆಗೆಯಲು ಕುಕ್ಕರುಗಾಲಲ್ಲಿ ಕೂರಲಾಗದಷ್ಟು ಉರಿ ಹೆಚ್ಚಿದಾಗ ಹುಮನಾಬಾದಿಗೆ ಹೋಗಿ ಡಾಕ್ಟರ್ ಅರ್ಷಿಯಾಗೆ ತೋರಿಸಿದಳು. ಪರೀಕ್ಷೆಯಲ್ಲಿ ಕಣ್ಣಿಗೆ ಕಾಣದ ಪರಾವಲಂಬಿ ಜೀವಿ ಸಿಕ್ಕಿತು. ಅದು ಗಂಡು ಹೆಣ್ಣು ಕೂಡುವುದರಿಂದ ಹರಡುತ್ತದೆ ಎಂದು ವಿವರಿಸಿ ಡಾಕ್ಟರ್ ಗುಳಿಗೆ ಕೊಟ್ಟರು.

"ನಿನ್ನ ಗಂಡನೂ ನುಂಗಬೇಕವ್ವಾ. ಇಲ್ಲಾಂದ್ರ ನಿನಗ ಮತ್ತ ಬರ್ತದ."

ಆ ಮಾತಿನಿಂದಲೇ ಮನೆ ಕೆಟ್ಟಿತು. ಗಂಡ ಮಚ್ಚೇಂದ್ರ ಬಸವಕಲ್ಯಾಣದಲ್ಲಿ ಮನೆ ಕಟ್ಟುವ ಗೌಂಡಿ. ಅಲ್ಲೇ ಕೋಣೆ ಹಿಡಿದು, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ.

"ನನಗೇನಾಗ್ಯಾದ? ನಾ ಯಾಕ ನುಂಗ್ಲಿ? ನಾ ಇಲ್ಲದಾಗ ಮನಿಗಿ ಯಾರು ಬರ್ತಾರ, ಮೊದಲ ಅದು ಹೇಳು" ಎಂದ.

ಅದನ್ನು ಕೇಳಿದ ಅತ್ತೆ ಸುಮನಬಾಯಿ ಮರುದಿನದಿಂದ ಸೊಸೆಯ ಬೆನ್ನಿಗೇ ಹೊಲಕ್ಕೆ ಬರತೊಡಗಿದಳು. ಆಮ್ರಪಾಲಿ ನೀರು ಕುಡಿಯಲು ಎದ್ದರೂ ಮುದುಕಿಯ ಕೈಯಲ್ಲಿನ ಕಳೆ ತೆಗೆಯುವ ಕುರ್ಚಿಗಿ ನಿಲ್ಲುತ್ತಿತ್ತು.

ಆಮ್ರಪಾಲಿಗೂ ಗಂಡನ ಮೇಲೆ ಅನುಮಾನ ಹತ್ತಿತು. ಒಂದು ದಿನ ಹೇಳದೆ ಕೇಳದೆ ಬಸವಕಲ್ಯಾಣದ ಬಸ್ಸು ಹತ್ತಿದಳು. ಕೋಣೆಯಲ್ಲಿ ಮಚ್ಚೇಂದ್ರ ಒಬ್ಬನೇ ರೊಟ್ಟಿ ತಿನ್ನುತ್ತಿದ್ದ. ಅವಳು ಹಾಸಿಗೆ ಸರಿಸಿದಳು, ಹಗ್ಗದ ಮೇಲಿನ ಬಟ್ಟೆ ತಿರುವಿದಳು. ಏನೂ ಸಿಗಲಿಲ್ಲ.

"ಏನು ಹುಡುಕಾಕತ್ತೀದಿ?"

"ನೀವು ನನ್ನಾಗ ಹುಡುಕಾಕತ್ತೀರಲ್ಲ, ಅದೇ. ನಡೀರಿ, ಡಾಕ್ಟರ್ ಬಾಯಿಂದಾನೇ ಕೇಳ್ರಿ. ಅಲ್ಲೀತನಕ ನನ್ನ ಹಾಸಿಗಿಗಿ ಬರಬ್ಯಾಡ್ರಿ."

ಅವನು ಬಂದ. ಡಾಕ್ಟರ್ ಅವನನ್ನೇ ನೋಡಿ ಹೇಳಿದರು: "ಗಂಡಸರಿಗಿ ಇದು ಭಾಳ ಸಲ ಕಾಣಂಗಿಲ್ಲ, ಒಳಗ ಇರ್ತದ. ಹೆಣ್ಮಕ್ಕಳಾಗೂ ಭಾಳ ದಿನ ಗೊತ್ತಾಗದಂಗ ಇರಬಹುದು. ಯಾರಿಂದ ಯಾರಿಗಿ ಬಂತು ಅಂತ ಯಾವ ಪರೀಕ್ಷೆನೂ ಹೇಳಂಗಿಲ್ಲ. ಇಲ್ಲಿ ಬರೋ ಎಷ್ಟೋ ಹೆಣ್ಮಕ್ಕಳಿಗಿ ಇದು ಅದ. ನಾಚಿ ಮುಚ್ಚಿಡ್ತಾರ."

ಮಚ್ಚೇಂದ್ರ ಗುಳಿಗೆ ನುಂಗಿದ. ಆಮ್ರಪಾಲಿಯ ಉರಿ ಇಳಿಯಿತು.

ಕೆಲವು ದಿನಗಳ ಬಳಿಕ ಸುಮನಬಾಯಿ ಹೊಲದಲ್ಲಿ ಹತ್ತಿರ ಸರಿದು ಕೂತಳು. "ಆ ಡಾಕ್ಟರ್ ನನಗೂ ನೋಡ್ತಾಳೇನ? ನಿಮ್ಮ ಮಾವ ಇದ್ದಾಗಿಂದ ನನಗೂ ಹಿಂಗೇ ಅದ."

ಇಷ್ಟು ದಿನ ಕಾವಲು ಕಾದವಳು ಈಕೆಯೇ. ಆಮ್ರಪಾಲಿಗೆ ಸಿಟ್ಟು ಬಂತು. ಆದರೂ ಮರುದಿನ ಕರೆದುಕೊಂಡು ಹೋದಳು.

ಮಚ್ಚೇಂದ್ರ ಈಗಲೂ ಮಧ್ಯಾಹ್ನ ಫೋನು ಮಾಡಿ "ನಿನ್ನ ಬಾಜೂಕ ಯಾರದಾರ?" ಎಂದು ಕೇಳುತ್ತಾನೆ. ಅವನು ಊರಿಗೆ ಬಂದಾಗ ಅವಳು ಅವನ ಅಂಗಿಯನ್ನು ನೀರಿಗೆ ಹಾಕುವ ಮೊದಲು ಒಮ್ಮೆ ಮೂಸಿ ನೋಡುತ್ತಾಳೆ.