ಸ್ವಂತ ಹೆಸರಿನ ಕಾಲಂ

ತೆಲಂಗಾಣ ಚಳವಳಿಯ ಬಂದ್‌ಗಳಿಂದ ಜಹೀರಾಬಾದಿನ ನಮ್ಮ ಶಾಲೆಗೆ ಬೀಗ ಬಿದ್ದಿತ್ತು. ಪಾಠವಿಲ್ಲದ ಮೇಷ್ಟ್ರು ನಾನು. ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಗುಲಾಮರ ಹಳೆಯ ಪಟ್ಟಿಗಳನ್ನು ಟೈಪು ಮಾಡುತ್ತಿದ್ದೆ. ಆಫ್ರಿಕಾದಿಂದ ಹಡಗುಗಳಲ್ಲಿ ಮುಂಬಯಿಗೆ ಬಂದಿಳಿದ ಹಬಶಿ ಮಕ್ಕಳ ಪಟ್ಟಿಗಳು ಅವು. ಆ ಕಾಗದಗಳ ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ಇಟ್ಟವರು ನನ್ನಂಥ ಉತ್ಸಾಹಿಗಳಿಂದ ಓದಿಸಿ ಬರೆಸಿಕೊಳ್ಳುತ್ತಿದ್ದರು. ಎರಡು ಕಾಲಂ: ಮಾಲೀಕ ಇಟ್ಟ ಹೆಸರು, ಸ್ವಂತ ಹೆಸರು. ಮೊದಲನೆಯದರಲ್ಲಿ ಹೂವು, ಹವಳ, ಮುತ್ತು. ಎರಡನೆಯದು ಪುಟಗಟ್ಟಲೆ ಖಾಲಿ.

"ಕೇಳಾಕ ಇವರಪ್ಪನ ಗಂಟೇನು ಹೋಗ್ತಿತ್ತು?" ಎಂದು ಆ ಪಟ್ಟಿ ಬರೆದ ಗುಮಾಸ್ತರನ್ನು ದಿನವಿಡೀ ಬೈಯುತ್ತಿದ್ದೆ.

ಅವತ್ತು ಗಲ್ಲಿಯ ತುದಿಯಲ್ಲಿ ಗುರುತಿನ ಚೀಟಿಗೆ ಫೋಟೊ ತೆಗೆಯುವವರು ಕೂತಿದ್ದರು. ನಾಳೆಯಿಂದ ಮತ್ತೆ ಬಂದ್, ನಾಲ್ಕಕ್ಕೆಲ್ಲ ಗಂಟುಮೂಟೆ ಕಟ್ಟುವವರು. ನಮ್ಮ ಮನೆಗೆಲಸದ ಮುದುಕಿಗೆ ಅದು ಜೀವಮಾನದ ಮೊದಲ ಚೀಟಿ. ನನ್ನಜ್ಜಿ ಮದುವೆಯಾಗಿ ಬಂದಾಗ ನಾಗಲಗಿದ್ದ ಎಂಬ ಊರಿನ ಕಡೆಯ ತವರಿನವರು ಜೊತೆಗೆ ಕಳಿಸಿದ ಹುಡುಗಿ ಆಕೆ. ಮತ್ತೆ ತನ್ನ ಊರು ನೋಡಲಿಲ್ಲ. ಮೂರೂವರೆಗೆ ನಾನು ಫಾರಂ ತುಂಬಿ ಮುಗಿಸಿದೆ.

"ಏನಂತ ಬರದೀರಿ?" ಎಂದು ಕೇಳಿದಳು.

ಮನೆಯಲ್ಲಿ ಕರೆಯುವ ಹೆಸರು ಹೇಳಿದೆ. ಅದೂ ಒಂದು ಹೂವಿನದೇ.

"ಅದು ನಿಮ್ಮ ಮನಿಯವರು ಇಟ್ಟದ್ದರಿ. ನಂದು ಬ್ಯಾರೆ ಅದ. ಚೀಟಿ ಮ್ಯಾಲ ಅದೇ ಬರಬೇಕು."

ಮಂಚದ ಮೇಲಿದ್ದ ಅಜ್ಜಿ ಧಡಕ್ಕನೆ ಎದ್ದು ಕೂತಳು. "ಆ ಹೆಸರು ಈ ಮನ್ಯಾಗ ಎತ್ತಬ್ಯಾಡ! ನಮ್ಮತ್ತಿ ಹೆಸರದು."

ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡುವಂತಿಲ್ಲ; ಅದಕ್ಕೇ ಬಂದ ದಿನವೇ ಹುಡುಗಿಯ ಹೆಸರು ಬದಲಾಗಿತ್ತು. ನಲವತ್ತು ವರ್ಷ ಆಕೆ ಬಡಿದ ರೊಟ್ಟಿ ತಿಂದ ನನಗೆ ಇದು ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ.

"ಈಗ ಇದೇ ಇರಲಿ, ಆಮ್ಯಾಲ ಬದಲು ಮಾಡಸೋಣ," ಎಂದೆ.

ಆಕೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಫಾರಂ ಹಿಡಿದು ನಾನು ಹಿಂದೆ ಓಡಿದೆ. ಮೇಜಿನ ಮುಂದೆ ನಿಂತು ಆಕೆ ತನ್ನ ಹೆಸರು ಹೇಳಿದಳು. ಗಟ್ಟಿಯಾಗಿ, ತಂದೆಯ ಹೆಸರಿನ ಸಮೇತ ಹೇಳಿದಳು. ಕಂಪ್ಯೂಟರಿನವನು ನನ್ನ ಕೈಯಿಂದ ಫಾರಂ ತೆಗೆದುಕೊಂಡು ನೋಡಿ, ಆಕೆಯನ್ನು ಬಿಟ್ಟು ನನ್ನ ಕಡೆ ತಿರುಗಿದ. "ಫಾರಂದಾಗ ಬ್ಯಾರೆ ಅದ. ಯಾವುದು ಖರೇ ಸಾರ್?"

ಗಲ್ಲಿಯಾಚೆ ನಮ್ಮ ಮನೆಯ ಬಾಗಿಲಲ್ಲಿ ಅಜ್ಜಿ ನನ್ನನ್ನೇ ನೋಡುತ್ತ ನಿಂತಿದ್ದಳು. ನಾನು ಬಾಯಿ ಬಿಡಲಿಲ್ಲ. ಆತ ಫಾರಂ ನೋಡಿಕೊಂಡೇ ಟೈಪು ಮಾಡಿದ. ಅಷ್ಟು ನಾಚಿಕೆ ನನಗೆ ಇನ್ಯಾವತ್ತೂ ಆಗಿಲ್ಲ.

ಎರಡು ತಿಂಗಳ ಮೇಲೆ ಚೀಟಿ ಅಂಚೆಯಲ್ಲಿ ಬಂತು. ತೆಗೆದುಕೊಂಡು ಹೋಗಿ ಆಕೆಯ ಕೈಗೆ ಕೊಟ್ಟೆ. ಫೋಟೊ ಒಂದು ಸಲ ನೋಡಿ ವಾಪಸು ಕೊಟ್ಟಳು.

"ನೀವೇ ಇಟ್ಕೊರಿ. ಇದು ನಿಮ್ಮ ಮನೀದು."