ನಡುವಿನ ವರ್ಷಗಳಲ್ಲಿ ಏನು ಮಾಡಿದಿರಿ?

ಅಮೆರಿಕದ ಅಟ್ಲಾಂಟಾ ಬಳಿಯ ಜಾನ್ಸ್ ಕ್ರೀಕ್‌ಗೆ ಗಂಡನ ವೀಸಾದ ಜೊತೆ ಬಂದವಳು ನಾನು. ಕೆಲಸ ಮಾಡುವ ಹಕ್ಕಿಲ್ಲದೆ ಆರು ವರ್ಷ ಕಳೆದವು. ನಿಯಮ ಬದಲಾಗಿ ಪರ್ಮಿಟ್ ಕೈಗೆ ಬಂದ ದಿನ ಕುಣಿದಾಡಿದೆ. ಆದರೆ ಪ್ರತಿ ಅರ್ಜಿಯಲ್ಲೂ ಅದೇ ದರಿದ್ರ ಪ್ರಶ್ನೆ: "ಕೆಲಸವಿಲ್ಲದ ಅವಧಿಗೆ ಕಾರಣ ಕೊಡಿ." ಪಕ್ಕದಲ್ಲಿ ಕೆಂಪು ನಕ್ಷತ್ರ, ತುಂಬದೆ ಮುಂದೆ ಹೋಗುವಂತಿಲ್ಲ. ಎಷ್ಟೋ ಅರ್ಜಿಗಳನ್ನು ಅಲ್ಲಿಗೇ ಬಿಟ್ಟು ಎದ್ದಿದ್ದೇನೆ.

ಕೊನೆಗೆ ಅಟ್ಲಾಂಟಾದ ಪುಟ್ಟ ಡಿಸೈನ್ ಕಂಪನಿಯೊಂದು ಮೂರು ತಿಂಗಳು ನೋಡೋಣ ಎಂದು ತೆಗೆದುಕೊಂಡಿತು. ಮೊದಲ ಕೆಲಸ, ಕೆನಡಾದ ಉತ್ತರ ತುದಿಯ ಇನುಯಿಟ್ ಮೂಲನಿವಾಸಿಗಳ ಊರುಗಳಿಗೆ ವೆಬ್‌ಸೈಟ್. ಅಲ್ಲಿನವರ ಅಂಗಡಿ, ಕಸುಬುಗಳ ಪಟ್ಟಿ, ಸುತ್ತಲಿನ ಊರುಗಳಲ್ಲಿ ಸಿಗುವ ಕೆಲಸ, ಅದಕ್ಕೆ ಅರ್ಜಿ, ಎಲ್ಲವೂ ಇಂಗ್ಲಿಷ್‌ನಲ್ಲೂ ಅವರ ಭಾಷೆಯಲ್ಲೂ ಇರಬೇಕು. ಇದು ಕೆಟ್ಟರೆ ನಾನು ಮತ್ತೆ ಮನೆಯಲ್ಲೇ.

ಅನುವಾದ ಮಾಡುತ್ತಿದ್ದವರು ಅಲ್ಲಿನ ಕಚೇರಿಯ ಒಬ್ಬ ಹೆಂಗಸು. ವಾರಕ್ಕೊಮ್ಮೆ ಫೋನಿನಲ್ಲಿ ತಮ್ಮ ಭಾಷೆಯ ಪುಟವನ್ನು ಗಟ್ಟಿಯಾಗಿ ಓದಿ, ಇಂಗ್ಲಿಷ್‌ನಲ್ಲಿ ಅರ್ಥ ಹೇಳುವರು. ನಾನು ತಾಳೆ ನೋಡುವೆ. ಒಂದು ದಿನ ಅರ್ಜಿಯ ನಡುವೆ ನಿಲ್ಲಿಸಿಬಿಟ್ಟರು.

"ಇದೊಂದನ್ನ ನಾನು ಅನುವಾದ ಮಾಡಿಲ್ಲ. ನಮ್ಮಮ್ಮ ವಸಂತದಲ್ಲಿ ಬೇಟೆಯ ಬಿಡಾರಕ್ಕೆ ಹೋಗ್ತಾರೆ, ಚಳಿಗಾಲವೆಲ್ಲ ಚರ್ಮದ ಬೂಟು ಹೊಲೀತಾರೆ. ಕೆಲಸವಿಲ್ಲದ ಅವಧಿ ಅಂತ ಅವರನ್ನ ಹೇಗೆ ಕೇಳಲಿ? ಈ ಪ್ರಶ್ನೆ ನೋಡಿದವರು ಅರ್ಜಿ ಅಲ್ಲೇ ಬಿಟ್ಟು ಎದ್ದು ಹೋಗ್ತಾರೆ."

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎಲ್ಲಿಂದಲೋ ಒಂದು ನಮೂನೆ ತಂದು ಕಣ್ಣು ಮುಚ್ಚಿ ನಕಲು ಹೊಡೆದಿದ್ದೆ. ನಾನು ಶಪಿಸಿದ್ದ ಪ್ರಶ್ನೆಗೆ ನಾನೇ ನಕ್ಷತ್ರ ಅಂಟಿಸಿದ್ದೆ.

ಸಂಜೆ ಗಂಡನಿಗೆ ಹೇಳಿದೆ. "ಬಾಸ್ ಓಕೆ ಮಾಡಿರೋ ಫಾರ್ಮ್ ಯಾಕೆ ಚೇಂಜ್ ಮಾಡ್ತೀಯಾ? ಪ್ರೊಬೇಷನ್‌ನಲ್ಲಿದ್ದೀಯ, ಸುಮ್ನೆ ರಿಸ್ಕ್ ತಗೋಬೇಡ," ಎಂದರು.

"ಆ ಕ್ವೆಶ್ಚನ್‌ಗೆ ನನಗೇ ಆನ್ಸರ್ ಮಾಡಕ್ಕಾಗ್ಲಿಲ್ಲ ಕಣ್ರೀ. ಅವ್ರನ್ನ ಯಾವ ಮುಖ ಇಟ್ಕೊಂಡು ಕೇಳ್ಲಿ?"

ಮರುದಿನ ಬಾಸ್ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಹುಬ್ಬು ಗಂಟಿಕ್ಕಿ ಕೇಳಿ, ಕೊನೆಗೆ ಒಪ್ಪಿದರು. ಆ ಪ್ರಶ್ನೆಯನ್ನೂ ಅದರ ನಕ್ಷತ್ರವನ್ನೂ ಕಿತ್ತು ಹಾಕಿ, ಆ ಜಾಗದಲ್ಲಿ "ನಿಮಗೆ ಏನೇನು ಮಾಡಲು ಬರುತ್ತದೆ?" ಎಂದು ಹಾಕಿದೆ. ಕೆಳಗೆ ಮೂರು ಸಾಲಿನ ಜಾಗ ಬಿಟ್ಟೆ.

ಅದನ್ನು ಮೊದಲು ತುಂಬಿದವರು ಅನುವಾದಕಿಯ ತಾಯಿಯೇ. ಮಗಳು ಫೋನಿನಲ್ಲಿ ಓದಿ ಹೇಳಿದರು: ಸೀಲ್ ಎಂಬ ಕಡಲಪ್ರಾಣಿಯ ಚರ್ಮ ಹದ ಮಾಡುವುದು, ಬೂಟು ಹೊಲಿಯುವುದು, ಮೀನು ಒಣಗಿಸುವುದು, ಕಾಲಿಡುವ ಮೊದಲು ಮಂಜುಗಡ್ಡೆ ಗಟ್ಟಿಯಿದೆಯೇ ಎಂದು ನೋಡುವುದು. "ಇನ್ನೂ ಇದೆಯಂತೆ, ನೀವು ಕೊಟ್ಟ ಜಾಗ ಸಾಲದು ಅಂತ ಬೈತಿದ್ದಾರೆ," ಎಂದು ನಕ್ಕರು. ಖುಷಿಯಿಂದ ಬೈಸಿಕೊಂಡು, ಜಾಗ ದೊಡ್ಡದು ಮಾಡಿದೆ.

ಮೂರು ತಿಂಗಳು ಮುಗಿದಾಗ, ಖಾಯಂ ಮಾಡಲು ಕಂಪನಿಯವರು ಹೊಸ ರೆಸ್ಯೂಮೆ ಕೇಳಿದರು. ಆರು ವರ್ಷದ ಖಾಲಿ ಜಾಗದ ಎದುರು ಕೂತೆ. ಭಾನುವಾರದ ಕನ್ನಡ ಶಾಲೆಯ ಪಾಠ, ಕನ್ನಡ ಸಂಘದ ಹಬ್ಬಗಳ ಆಹ್ವಾನಪತ್ರಿಕೆ, ನಾಟಕದ ಪೋಸ್ಟರ್, ಇಬ್ಬರು ಮಕ್ಕಳು. ಬರೆಯುತ್ತಾ ಹೋದೆ, ಇನ್ನೊಂದು ಪುಟ ಬೇಕಾಯಿತು.